ಬೆಳ್ಳಿ ನಳಿಗೆಯ ಕಾರ್ತೀಕ

ಹೋದ ತಿಂಗಳು ತಂಗಿಯ ಮೊಮ್ಮಗಳಿಗೆ ಹೆಸರಿಡುವ ಶಾಸ್ತ್ರಕ್ಕೆಂದು ಬಸ್ಸಿನಲ್ಲಿ ಹೋಗುತ್ತಿದ್ದೆ. ಹುಣಸೂರು ದಾಟುತ್ತಿದ್ದಂತೆ ಕಿಟಕಿಯಿಂದ ತಂಬಾಕು ಬೇಯಿಸುವ ವಾಸನೆ ಒಳಕ್ಕೆ ಬಂತು. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗಿ, "ಎಷ್ಟು ಚೆನ್ನಾಗಿದೆ ಅಲ್ವಾ ಅಜ್ಜಿ, ಜೇನುತುಪ್ಪದ ಥರ," ಅಂದಳು. ಹೌದು, ಹಾಗೇ ಇರುತ್ತದೆ. ನನಗೆ ಮಾತ್ರ ಆ ವಾಸನೆ ಮೂಗಿಗೆ ಬಿದ್ದರೆ ನಮ್ಮ ಭಾವನವರ ಮುಖ ಕಣ್ಣ ಮುಂದೆ ಬರುತ್ತದೆ, ಬೈಗುಳ ನಾಲಿಗೆಯ ತುದಿಗೆ ಬರುತ್ತದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು. ಈ ಸಿಟ್ಟನ್ನು ತೆಗೆದುಕೊಂಡುಬಿಡಪ್ಪ ಅಂತ ದಿನಾ ಪೂಜೆಯಲ್ಲಿ ಶಿವನನ್ನು ಕೇಳಿಕೊಂಡಿದ್ದೇನೆ. ಕೇಳಿದ್ದು ಬೇಕಾದಷ್ಟು ನಡೆಸಿಕೊಟ್ಟಿದ್ದಾನೆ, ಇದೊಂದನ್ನು ಬಿಟ್ಟು. ಅವನಿಗೂ ನನ್ನ ಸಿಟ್ಟು ನ್ಯಾಯವಾಗಿಯೇ ಕಂಡಿರಬೇಕು.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಭೇರ್ಯದ ಕಡೆಯಿಂದ ಸೊಸೆಯಾಗಿ ಬಂದು ಸೇರಿದ್ದು ಬೆಟ್ಟದಪುರದ ಬೆಟ್ಟ ಹಿತ್ತಲಿನಿಂದ ಕಾಣುವ ಒಂದು ಹಳ್ಳಿಗೆ. ಮನೆಗೆ ಹಿರಿಯರು ನನ್ನ ಗಂಡನ ಅಣ್ಣ. ಹೊಲ, ತಂಬಾಕು, ದೇವರು ಎಲ್ಲವೂ ಅವರ ಕೈಯಲ್ಲಿ. ಮನೆಯ ಪಕ್ಕದಲ್ಲೇ ಬ್ಯಾರನ್ನು, ಅಂದರೆ ತಂಬಾಕಿನ ಎಲೆ ಕಟ್ಟಿ ಬಿಸಿ ಕೊಡುವ ಎತ್ತರದ ಕಟ್ಟಡ. ಎಲೆಗೆ ನಿಂಬೆಹಣ್ಣಿನ ಬಣ್ಣ ಬರುವ ತನಕ ಸಣ್ಣ ಕಾವು, ಬಂದ ಮೇಲೆ ದೊಡ್ಡ ಕಾವು. ಹೊತ್ತಿಗೆ ಮೊದಲೇ ಏರಿಸಿದರೆ ಎಲೆ ಹಸಿರಾಗಿಯೇ ಒಣಗಿ ಹಾಳಾಗುತ್ತದೆ. ಆ ಹದ ತನ್ನೊಬ್ಬನಿಗೇ ಗೊತ್ತು ಅಂತ ಭಾವನವರ ನಂಬಿಕೆ. ಆ ವರ್ಷವೇ ಅವಸರಕ್ಕೆ ಬಿದ್ದು ಒಂದು ಬ್ಯಾರನ್ನಿನಷ್ಟು ಎಲೆಯನ್ನು ಕೆಡಿಸಿದ್ದರು. ತಪ್ಪು ಸೌದೆಯದು ಅಂದರು.

ಗೌರಿ ಹಬ್ಬ ಮುಗಿದ ವಾರದಲ್ಲಿ ನನ್ನ ಮಗಳು ನೀಲಾಳಿಗೆ ಜ್ವರ ಬಂತು. ನಾಲ್ಕು ವರ್ಷದ ಮಗು. ಬಾಯಿ ತೆರೆಸಿ ನೋಡಿದರೆ ಗಂಟಲಿನಲ್ಲಿ ಹಾಲಿನ ಕೆನೆಯ ಹಾಗೆ ಬೆಳ್ಳನೆಯ ಪೊರೆ. ನಮ್ಮೂರಿನಲ್ಲಿ ಕಾಂಪೌಂಡರ್ ನಂಜಪ್ಪ ಅಂತ ಒಬ್ಬರಿದ್ದರು. ಎಲ್ಲೋ ಔಷಧಿ ಬೆರೆಸುವ ಕೆಲಸ ಮಾಡಿ ನಿವೃತ್ತಿಯಾಗಿ ಬಂದು, ನಮ್ಮೂರಿನ ಮಟ್ಟಿಗೆ ಡಾಕ್ಟರೇ ಆಗಿದ್ದವರು. ಮೂರು ದಿನ ಗಂಟಲಿಗೆ ನೇರಳೆ ಬಣ್ಣದ ನೀರು ಹಚ್ಚಿದರು. ನಾಲ್ಕನೆಯ ದಿನ ಮಗು ಉಸಿರೆಳೆಯುವ ಸದ್ದು ಅಂಗಳಕ್ಕೆ ಕೇಳಿಸಿದಾಗ, "ಇದು ಗಂಟಲಮಾರಿ ಕಣಮ್ಮ, ನಾ ಮೊದ್ಲೇ ಅಂದ್ಕಂಡಿದ್ದೆ," ಅಂದರು. ಅಂದುಕೊಂಡಿದ್ದವರು ಬಾಯಿಬಿಟ್ಟು ಹೇಳಬಹುದಿತ್ತು.

ಅವತ್ತು ತಂಬಾಕಿನ ಲಾರಿ ಮೈಸೂರಿಗೆ ಹೊರಟು ನಿಂತಿದ್ದದ್ದು ಶಿವನ ದಯೆ. ಅಲ್ಲಿ ಆಸ್ಪತ್ರೆಯಲ್ಲಿ ನನ್ನ ಕೈಯಿಂದ ಮಗುವನ್ನು ಕಿತ್ತುಕೊಂಡು ಓಡಿದರು. ಸ್ವಲ್ಪ ಹೊತ್ತಿಗೆ ನರ್ಸಮ್ಮ ಒಬ್ಬಳು ಬಂದು, ಕತ್ತರಿಸಿದ ದಾರದ ಸಮೇತ ನೀಲಾಳ ಲಿಂಗವನ್ನು ಹತ್ತಿಯಲ್ಲಿ ಸುತ್ತಿ ನನ್ನ ಅಂಗೈಗೆ ಕೊಟ್ಟಳು. ಹುಟ್ಟಿದಾಗ ಕಟ್ಟಿದ ಲಿಂಗ ಕೊರಳಿನಿಂದ ಇಳಿದದ್ದು ಕಂಡು ಮಗು ಹೋಯಿತು ಅಂದುಕೊಂಡೆ. "ಬದುಕಿದಾಳೆ, ಕತ್ತಿನಲ್ಲಿ ಉಸಿರಿಗೆ ನಳಿಗೆ ಹಾಕಿದೀವಿ, ಅಲ್ಲಿ ದಾರ ಇರಬಾರದು," ಅಂದಳು. ಬೆಡ್ಡಿನ ಹತ್ತಿರ ಹೋಗಿ ನಾನು ಮೊದಲು ಮಾಡಿದ ಕೆಲಸ ಲಿಂಗವನ್ನು ಮಗುವಿನ ಎಡತೋಳಿಗೆ ಬಟ್ಟೆಯಲ್ಲಿ ಕಟ್ಟಿದ್ದು. ಕೊರಳಾದರೇನು ತೋಳಾದರೇನು, ಮೈಗೆ ತಾಗಿದ್ದರಾಯಿತು.

ಕೊರಳಿನ ಕುಳಿಯಲ್ಲಿ ಬೆಳ್ಳಿಯ ನಳಿಗೆ. ಹೊರಗಿನದು ಎರಡು ಎಸಳಾಗಿ ಸೀಳಿದ್ದು, ಅದರೊಳಗೆ ಇನ್ನೊಂದು ಸಣ್ಣ ಕೊಳವೆ. ಇಪ್ಪತ್ತು ದಿನಕ್ಕೆ ರೋಗ ಹೋಯಿತು, ನಳಿಗೆ ಹೋಗಲಿಲ್ಲ. ಎರಡು ಸಲ ತೆಗೆದು ನೋಡಿದರು, ಎರಡು ಸಲವೂ ಮಗು ನೀಲಿಗಟ್ಟಿತು. ಗಂಟಲಿನ ಒಳಗೆ ಊದಿಕೊಂಡಿದೆ, ಇಳಿಯಲು ದಿನ ಬೇಕು, ಮನೆಯಲ್ಲಿಟ್ಟುಕೊಂಡು ವಾರಕ್ಕೊಂದು ಸಲ ಹುಣಸೂರಿನ ಡಾಕ್ಟರಿಗೆ ತೋರಿಸಿ ಅಂದರು.

ಹುಣಸೂರಿನಲ್ಲಿದ್ದವರು ಚಿಕ್ಕ ವಯಸ್ಸಿನ, ಮಾತು ಕಡಿಮೆಯ ಡಾಕ್ಟರು. ಒಳಗಿನ ಕೊಳವೆ ತೆಗೆದು, ಸೋಡ ಹಾಕಿ ಕುದಿಸಿ, ಕಫ ತೊಳೆದು ಮತ್ತೆ ಹಾಕುವುದನ್ನು ನನ್ನ ಕೈಯಲ್ಲೇ ಹತ್ತು ಸಲ ಮಾಡಿಸಿದರು. ಹೊರಗಿನದು ಅಕಸ್ಮಾತ್ ಕಳಚಿಬಂದರೆ ಎರಡು ಎಸಳನ್ನೂ ಒತ್ತಿ ಹಕ್ಕಿಯ ಕೊಕ್ಕಿನ ಹಾಗೆ ಚೂಪು ಮಾಡಿ, ಕೆಳಮುಖವಾಗಿ ಜಾರಿಸಬೇಕು ಅಂತ ತೋರಿಸಿದರು. ಮಗುವಿಗೆ ಹೊಗೆ ಕೂಡದು ಅಂದರು.

"ತೆಗೆಯೋದು ಯಾವಾಗ ಸ್ವಾಮಿ?" ಅಂತ ಕೇಳಿದೆ.

"ನಂಗೂ ಗೊತ್ತಿಲ್ಲಮ್ಮ," ಅಂದರು. "ನಳಿಗೆಗೆ ಬಿರಡೆ ಹಾಕಿ ನೋಡ್ತಾ ಹೋಗಬೇಕು. ಬಿರಡೆ ಹಾಕ್ಕೊಂಡು ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ಸರಾಗವಾಗಿ ನಿದ್ದೆ ಮಾಡಿ ಎದ್ದರೆ ಆಮೇಲೆ ಯೋಚನೆ ಮಾಡೋಣ. ಎಚ್ಚರವಾಗಿದ್ದಾಗ ಮಕ್ಕಳು ಹೇಗೋ ಎಳೆದುಕೊಳ್ತವೆ. ನಿದ್ದೇಲಿ ಗೊತ್ತಾಗೋದು."

ಆ ವರ್ಷ ನನಗೆ ಸಿಕ್ಕ ಗಂಡಸರಲ್ಲಿ ಗೊತ್ತಿಲ್ಲ ಅಂತ ಹೇಳಿದವರು ಅವರೊಬ್ಬರೇ.

ಮನೆಯಲ್ಲಿ ಮಾತ್ರ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಹೊಗೆ ಬರದಿರಲಿ ಅಂತ ಬ್ಯಾರನ್ನಿನ ಕಡೆಯಿಂದ ದೂರದ, ರಾಗಿ ತುಂಬುವ ಕೋಣೆಯಲ್ಲಿ ನಾನೂ ನೀಲಾಳೂ ಇದ್ದೆವು. ಕೊಳವೆ ಕುದಿಸುವ ಪಾತ್ರೆಯ ಬಗ್ಗೆ ಭಾವನವರ ಹೆಂಡತಿ ಗೌರಕ್ಕನಿಗೆ ಮೊದಲಿನಿಂದಲೂ ಅಸಹ್ಯ. "ಆ ಕಫದ್ ಚೊಂಬ್ನ ಮೋರಿ ತಾವ ಇಟ್ಕಳೆ ಮಾರಾಯ್ತಿ, ನಾವು ಪೂಜೆ ಪುನಸ್ಕಾರ ಮಾಡೋ ಜನ," ಅನ್ನುತ್ತಿದ್ದರು. ಪೂಜೆಗೆ ಕೂತವರು ಎದ್ದು ಬಂದು ಮೂರು ಸಲ ಮನೆಯ ಹೆಂಗಸರ ಮೇಲೆ ಹರಿಹಾಯ್ದು ಮತ್ತೆ ಕೂರುತ್ತಿದ್ದ ಜನ. ನಾನೂ ಪೂಜೆ ಮಾಡುತ್ತಿದ್ದೆ. ಅಂಗೈಯಲ್ಲಿ ಲಿಂಗ ಹಿಡಿದು, ಆ ದಿನ ಸಿಕ್ಕಿದ್ದನ್ನೆಲ್ಲ ಒಪ್ಪಿಸುತ್ತಿದ್ದೆ: ಇವತ್ತು ಕಫ ತೆಳ್ಳಗೆ ಬಂತು. ಇವತ್ತು ಗಾಳಿ ಬೆಟ್ಟದ ಕಡೆ ಬೀಸಿ ಹೊಗೆ ಈಚೆಗೆ ಬರಲಿಲ್ಲ. ಇವತ್ತು ಅರ್ಧ ಮುದ್ದೆ ತಿಂದಳು.

ಮೂರನೆಯ ವಾರ ಡಾಕ್ಟರು ಔಷಧಿ ಬಾಟಲಿಯ ಬಿರಡೆಯನ್ನು ಬ್ಲೇಡಿನಲ್ಲಿ ಹೆರೆದು, ಒಳಗೆ ಬೀಳದಂತೆ ದಾರ ಕಟ್ಟಿ ಕೊಟ್ಟರು. ಮೊದಲು ಅರ್ಧ ಮುಚ್ಚುವುದು, ಆಮೇಲೆ ಪೂರ್ತಿ. ದಿನಕ್ಕೆ ಒಂದು ಗಂಟೆ, ನಾನು ಎದುರಿಗೆ ಕೂತು ಕೊರಳಿನ ಕುಳಿಯನ್ನೇ ನೋಡುತ್ತಿರಬೇಕು. ಅದು ಒಳಕ್ಕೆ ಎಳೆದರೆ ತಕ್ಷಣ ತೆಗೆಯಬೇಕು. ನಳಿಗೆ ತೆರೆದಿದ್ದಾಗ ಗಾಳಿಯೆಲ್ಲ ಅಲ್ಲೇ ಹೋಗುವುದರಿಂದ ಮಗುವಿಗೆ ದನಿಯಿರಲಿಲ್ಲ. ಬಿರಡೆ ಹಾಕಿದರೆ ಮಾತು ಬರುತ್ತಿತ್ತು. ಎರಡು ತಿಂಗಳ ಮೇಲೆ ಅವಳು ಮೊದಲು ಆಡಿದ ಮಾತು, "ಅವ್ವ, ಬಾಳೆಹಣ್ಣು." ನಾನು ರಾಗಿಯ ಗುಡಾಣಕ್ಕೆ ಆತುಕೊಂಡು ಕೂತುಬಿಟ್ಟೆ.

ಆ ದನಿಯೇ ಅವಳಿಗೆ ಮುಳುವಾಯಿತು. ಮನೆಗೆ ಯಾರು ಬಂದರೂ ಜಗಲಿಯಿಂದ ಭಾವನವರ ಕೂಗು: "ನೀಲನ್ನ ಕರ್ಕಬಾಮ್ಮ, ಬಿರಡೆ ಹಾಕ್ಕಂಡು! ಪಿರಿಯಾಪಟ್ಟಣದ ಸಾವ್ಕಾರ್ರು ಬಂದವ್ರೆ!" ಮಗು ನಡುಮನೆಯಲ್ಲಿ ನಿಂತು ಓಂ ನಮಃ ಶಿವಾಯ ಅನ್ನಬೇಕು. ಬಂದವರು ಅಬ್ಬಬ್ಬಾ ಅನ್ನಬೇಕು. ಒಬ್ಬರು ಬಿರಡೆ ತೆಗೆಸಿ, "ಈಗ ಅನ್ನು," ಅಂತ ಮಗುವಿನ ತುಟಿ ಮಾತ್ರ ಆಡುವುದನ್ನು ನೋಡಿ ನಕ್ಕರು. ಆಮೇಲೆ ಹಾಕಿಸಿ ಇನ್ನೊಂದು ಸಲ ಅನ್ನಿಸಿದರು. ದೊಡ್ಡ ಮನುಷ್ಯರು, ಹಣೆಯ ತುಂಬಾ ವಿಭೂತಿ. ಸಂತೆಯಲ್ಲಿ ಕೋತಿ ಆಡಿಸುವವನಾದರೂ ಕೋತಿಗೆ ಸುಸ್ತಾದರೆ ಕೂರಿಸುತ್ತಾನೆ.

ಹೀಗೆ ಎಂಟು ದಿನ ಪ್ರದರ್ಶನ ನಡೆಸಿದ ಮೇಲೆ ಭಾವನವರಿಗೆ ಹದ ಗೊತ್ತಾಯಿತು. ಕಾರ್ತೀಕದ ಕಡೆಯ ಸೋಮವಾರ ಮಠದ ಸ್ವಾಮಿಗಳು ಪಾದಪೂಜೆಗೆ ನಮ್ಮ ಮನೆಗೆ ಬರುವುದಿತ್ತು. ಅವರ ಕೈಯಿಂದಲೇ ನೀಲಾಳ ಲಿಂಗ ಮತ್ತೆ ಕೊರಳಿಗೆ ಏರಬೇಕು, ಅಷ್ಟರೊಳಗೆ ನಳಿಗೆ ಕೊರಳಿನಿಂದ ಇಳಿಯಬೇಕು.

ನಾನು ಬಾಗಿಲ ಮರೆಯಲ್ಲೇ ನಿಂತು ಹೇಳಿದೆ. "ಭಾವ, ಬಿರಡೆ ಹಾಕ್ಕಂಡು ಕಾಲು ಗಂಟೆ ಮಲಗಿದ್ರೂ ಅದ್ಕೆ ಉಸ್ರು ಕಟ್ಟುತ್ತೆ. ಡಾಕ್ಟ್ರು ನಿದ್ದೇಲಿ ನೋಡ್ಬೇಕು ಅಂದವ್ರೆ."

"ಡಾಕ್ಟ್ರು ನೆನ್ನೆ ಮೊನ್ನೆ ಮೀಸೆ ಬಂದೋನು. ಅರ್ಧ ಗಂಟೆ ಮಂತ್ರ ಯೋಳೋ ಗಂಟ್ಲಿಗೆ ಉಸ್ರಾಡಕ್ಕೆ ಬರಲ್ವಾ? ಎಲೆ ಹದ ನೋಡ್ಕಂಡು ತಲೆ ಬೆಳ್ಳಗಾಗದೆ ನಂದು, ಮಗೀನ್ ಹದ ಗೊತ್ತಾಗಕಿಲ್ವಾ? ಪಂಚಾಂಗದಲ್ಲೂ ಅವತ್ತೇ ಬಲ ಅದೆ. ಏನ್ ನಂಜಪ್ಪ?"

"ಏನಿಲ್ಲ ಬುಡಿ ಗೌಡ್ರೆ, ಹಲ್ಲು ಕಿತ್ತಂಗೆ," ಅಂದರು ಕಾಂಪೌಂಡರು.

ನನ್ನ ಯಜಮಾನರು ಅಲ್ಲೇ ಕೂತಿದ್ದರು. ಒಳಗೆ ಬಂದ ಮೇಲೆ, "ಅಣ್ಣ ಹೇಳಿದ ಮೇಲೆ..." ಅಂದು ಮಾತು ಅಲ್ಲಿಗೇ ಬಿಟ್ಟರು. ಒಳ್ಳೆಯವರು. ಒಳ್ಳೆಯತನದಲ್ಲಿ ಎಂಥಾ ಹೇಡಿತನವನ್ನೂ ಮುಚ್ಚಿಡಬಹುದು ಅಂತ ನಾನು ಅವರಿಂದಲೇ ಕಲಿತೆ. "ನಾನು ಒಪ್ಪಲ್ಲ," ಅಂದೆ. ನನ್ನ ಒಪ್ಪಿಗೆ ಯಾರಿಗೆ ಬೇಕಿತ್ತು?

ಆ ಸೋಮವಾರ ಬೆಳಿಗ್ಗೆ ಸ್ವಾಮಿಗಳ ಪೂಜೆಗೆ ಮಡಿನೀರು ತರಬೇಕು ಅಂತ ಗೌರಕ್ಕ ನನ್ನನ್ನು ತೋಟದ ಬಾವಿಗೆ ಕಳಿಸಿದರು. ಮಂಜು ಇನ್ನೂ ಕರಗಿರಲಿಲ್ಲ, ಬೆಟ್ಟ ಪೂರ್ತಿ ಮುಚ್ಚಿಹೋಗಿತ್ತು. ಬಿಂದಿಗೆ ಹೊತ್ತು ವಾಪಸು ಬಂದು ನೋಡುತ್ತೇನೆ, ನಡುಮನೆಯಲ್ಲಿ ಜನ. ಮಗುವನ್ನು ಹೊಸ ಲಂಗ ತೊಡಿಸಿ ಹಸೆಮಣೆಯ ಮೇಲೆ ಕೂರಿಸಿದ್ದಾರೆ. ಕೊರಳಿನ ತೂತಿಗೆ ವೀಳ್ಯದೆಲೆಯ ತುಂಡು ಅಂಟಿಸಿ ಬಟ್ಟೆ ಸುತ್ತಿದ್ದಾರೆ. ಪಕ್ಕದಲ್ಲಿ ಹಿತ್ತಾಳೆಯ ತಟ್ಟೆ. ತಟ್ಟೆಯಲ್ಲಿ ಬೆಳ್ಳಿಯ ನಳಿಗೆ, ಅದಕ್ಕೆ ಕುಂಕುಮ, ಅಕ್ಷತೆ. ಆರತಿ ಕೂಡ ಮಾಡಿದ್ದರು.

"ನೋಡು, ಏನಾಯ್ತು ಈಗ?" ಅಂದರು ಭಾವನವರು. "ಮಾತಾಡು ನೀಲಾ."

"ಅವ್ವ, ನೋವಾಗ್ಲಿಲ್ಲ," ಅಂದಳು ನೀಲಾ.

ಎಲ್ಲರೂ ನಕ್ಕರು. ನಾನು ಕೂಗಾಡಲಿಲ್ಲ, ಕೂಗಾಡಿದರೆ ಮಗು ಹೆದರಿ ಬಿಕ್ಕಳಿಸೀತು. ಬಿಂದಿಗೆ ಇಳಿಸಿ, ತಟ್ಟೆಯಿಂದ ನಳಿಗೆ ಎತ್ತಿಕೊಂಡು ಒಳಗೆ ಹೋದೆ. ಕುಂಕುಮ ತೊಳೆದೆ. ಎಸಳಿನ ಸಂದಿಯಲ್ಲಿ ಸಿಕ್ಕಿದ್ದ ಅಕ್ಕಿಯ ಕಾಳನ್ನು ಕಡ್ಡಿಯಲ್ಲಿ ತೆಗೆದೆ. ಚೊಂಬಿನಲ್ಲಿ ಸೋಡ ಹಾಕಿ ಕುದಿಯಲು ಇಟ್ಟೆ.

ಗೌರಕ್ಕ ಇಣುಕಿ ನೋಡಿ, "ಇನ್ನೂ ಯಾಕೆ ಕುದುಸ್ತೀಯೆ? ಪಾಯ್ಸ ಮಾಡ್ಕಂಡು ಕುಡೀತೀಯಾ?" ಅಂದರು. ನಡುಮನೆಯವರು ಇನ್ನೊಂದು ಸಲ ನಕ್ಕರು.

ಒಂದು ಗಂಟೆ ಏನೂ ಆಗಲಿಲ್ಲ. ಆ ಗಂಟೆಯಲ್ಲಿ ಭಾವನವರು ನಾಲ್ಕು ಜನಕ್ಕೆ ಕಥೆ ಹೇಳಿದರು, ಕಾಂಪೌಂಡರು ಎರಡು ಸಲ ಕಾಫಿ ಕುಡಿದರು. ಸ್ವಾಮಿಗಳು ಇನ್ನೂ ಬಂದಿರಲಿಲ್ಲ. ಕಾದು ಕಾದು ಬೇಸತ್ತ ಮಗು ನನ್ನ ತೊಡೆಯ ಮೇಲೆ ಬಂದು ಮಲಗಿತು, ನೋಡುತ್ತಿದ್ದಂತೆ ನಿದ್ದೆ ಹೋಯಿತು. ನಾನು ಬಟ್ಟೆಯನ್ನೂ ವೀಳ್ಯದೆಲೆಯನ್ನೂ ಸರಿಸಿದೆ. ಕೊರಳಿನ ಕುಳಿ ಒಂದು ಸಲ ಒಳಕ್ಕೆ ಹೋಯಿತು. ಇನ್ನೊಂದು ಸಲ. ಆಮೇಲೆ ಪಕ್ಕೆಯ ಸಂದಿಗಳೂ ಒಳಕ್ಕೆ ಎಳೆದವು. ತೂತು ಆಗಲೇ ಮುದುಡಿ ಅರ್ಧವಾಗಿತ್ತು.

"ನಂಜಪ್ಪನೋರೆ, ನೋಡಿ ಇಲ್ಲಿ!"

ಕಾಂಪೌಂಡರು ಬಗ್ಗಿ ನೋಡಿದರು. "ನಿದ್ದೆ ಮಂಪರು ಕಣಮ್ಮ. ಮಕಕ್ಕೆ ಒಸಿ ನೀರ್ ಚಿಮುಕ್ಸಿ," ಅಂದರು. ಮಗು ಎಚ್ಚರಾಗಿ ಬಾಯಿ ತೆರೆಯಿತು, ಗಾಳಿ ಒಳಗೆ ಹೋಗಲಿಲ್ಲ. ತುಟಿಯ ಬಣ್ಣ ಬದಲಾಯಿತು. ನೀರು ತರುತ್ತೇನೆ ಅಂತ ಎದ್ದ ಕಾಂಪೌಂಡರು ಹಿತ್ತಲ ಬಾಗಿಲಿನಿಂದ ಹೋದವರು ಆ ದಿನ ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಭಾವನವರು ನಿಂತಲ್ಲೇ ನಿಂತು, "ಶಿವಾ ಶಿವಾ," ಅನ್ನುತ್ತಿದ್ದರು. ಶಿವ ಬಂದು ನಳಿಗೆ ಹಾಕಲಿ ಅಂತಿರಬೇಕು.

"ಚೊಂಬು ತನ್ನಿ!" ಅಂತ ನನ್ನ ಯಜಮಾನರಿಗೆ ಕೂಗಿದೆ. ಮದುವೆಯಾದ ಮೇಲೆ ನಾನು ಅವರನ್ನು ಹಾಗೆ ಕೂಗಿದ್ದು ಅದೇ ಮೊದಲು. ಓಡಿ ತಂದರು. "ತಲೆ ಹಿಡ್ಕಳಿ, ಹಿಂದಕ್ಕೆ ಬಾಗ್ಸಿ." ಹಿಡಿದರು. ಎರಡು ಎಸಳನ್ನು ಬೆರಳಿನಲ್ಲಿ ಒತ್ತಿ ಕೊಕ್ಕು ಮಾಡಿದೆ. ಮೊದಲ ಸಲ ಚರ್ಮಕ್ಕೆ ತಾಗಿ ಜಾರಿತು. ಎರಡನೆಯ ಸಲ ತುದಿ ಒಳಗೆ ಹೋಗಿ ನಿಂತಿತು, ರಕ್ತ ಬಂತು. ಒತ್ತಲು ಹೆದರಿಕೆ, ಬಿಡಲು ಹೆದರಿಕೆ. ಮೂರನೆಯ ಸಲ ಡಾಕ್ಟರು ತೋರಿಸಿದ ಹಾಗೆ ಕೈಯನ್ನು ಕೆಳಮುಖ ಮಾಡಿ ತಳ್ಳಿದೆ. ಬುಸ್ ಅಂತ ಸದ್ದಾಗಿ, ರಕ್ತವೂ ಕಫವೂ ಸೇರಿ ಚಿಮ್ಮಿ, ಪಾದಪೂಜೆಗೆ ಅಂತ ಭಾವನವರು ಉಟ್ಟಿದ್ದ ಬಿಳಿಯ ಮಡಿಪಂಚೆಯ ಮೇಲೆ ಬಿತ್ತು. ಒಳಗಿನ ಕೊಳವೆ ಹಾಕಿ, ಪಟ್ಟಿ ಕಟ್ಟಿದೆ. ಮಗುವಿನ ತುಟಿ ಕೆಂಪಾಗುವುದನ್ನು ನೋಡಿದೆ. ಅವತ್ತು ಶಿವನಿಗೆ ಒಪ್ಪಿಸಲು ಬೇರೇನೂ ಎಣಿಸಲಿಲ್ಲ.

ಮಧ್ಯಾಹ್ನ ಮಠದಿಂದ ಆಳು ಬಂದ. ಸ್ವಾಮಿಗಳು ಎಚ್.ಡಿ. ಕೋಟೆಯ ಕಡೆ ಯಾವುದೋ ಭಕ್ತರ ಮನೆಯಲ್ಲಿ ನಿಂತಿದ್ದಾರೆ, ಈ ಸಲ ಬರುವುದಿಲ್ಲ ಅಂದ. ಭಾವನವರು ಪಂಚೆ ಬದಲಾಯಿಸಿಕೊಂಡು ಬಂದು ಆಡಿದ ಮೊದಲ ಮಾತು: "ಮತ್ತೆ ಇಷ್ಟೊಂದು ಅಡಿಗೆ ಮಾಡ್ಸಿದೀವಲ್ಲ, ಏನ್ ಮಾಡಾದು?"

ಸಂಜೆಯ ಬಸ್ಸಿಗೆ ಹೊರಟೆ. ಯಾರನ್ನೂ ಕೇಳಲಿಲ್ಲ. ನನ್ನ ಯಜಮಾನರು ಚೊಂಬು, ಸೋಡ, ಬಟ್ಟೆಯ ಗಂಟು ಎತ್ತಿಕೊಂಡು ಹಿಂದೆ ಬಂದರು. "ಎಲ್ಲಿಗ್ಲಾ?" ಅಂತ ಭಾವನವರು ಕೇಳಿದರೆ, ತಿರುಗಿ ನೋಡದೆ, "ಹುಣಸೂರಿಗೆ," ಅಂದರು. ಅಣ್ಣನಿಗೆ ಅವರು ಕೊಟ್ಟ ಮೊದಲ ಉತ್ತರ ಅದು. ತಡವಾಗಿ ಬಂದರೂ ಬಂತಲ್ಲ ಅಂತ ಅದನ್ನೂ ಎಣಿಕೆಗೆ ಸೇರಿಸಿದೆ.

ಡಾಕ್ಟರು ಬೈಯಲಿಲ್ಲ. ನಳಿಗೆಯನ್ನು ನೋಡಿ, "ಯಾರು ಹಾಕಿದ್ದು?" ಅಂದರು. ನಾನು ಅಂದೆ. "ಎಷ್ಟನೇ ಸಲಕ್ಕೆ ಹೋಯ್ತು?" ಅಂದರು. ಮೂರನೇದಕ್ಕೆ ಅಂದೆ. ಬಗ್ಗಿ ಇನ್ನೊಂದು ಸಲ ನೋಡಿದರು. "ಒಳಗೆ ಗಾಯ ಆಗಿದೆ. ಮೊದಲಿಂದ ಶುರು ಮಾಡಬೇಕು. ಈಗಲೂ ಯಾವಾಗ ಅಂತ ಕೇಳಬೇಡಿ," ಅಂದರು.

ಕೇಳಲಿಲ್ಲ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ಕೋಣೆ ಹಿಡಿದು ಧನುರ್ಮಾಸವೆಲ್ಲ ಕಳೆದೆ. ಬೆಳಿಗ್ಗೆ ಕೈ ಮರಗಟ್ಟುವ ಚಳಿ. ಸಂತೆಗೆ ಬರುವ ಗಾಡಿಗಳಿಂದ ಅವರೆಕಾಯಿಯ ಸೊಗಡು. ಎಂಟು ದಿನ ಬಿರಡೆಯೇ ಇಲ್ಲ. ಆಮೇಲೆ ಅರ್ಧ ಬಿರಡೆ, ಕಾಲು ಗಂಟೆ. ಆಮೇಲೆ ಅರ್ಧ ಬಿರಡೆಯಲ್ಲಿ ಮಧ್ಯಾಹ್ನದ ನಿದ್ದೆ. ಒಂದು ದಿನ ಮುಂದಕ್ಕೆ ಹೋದರೆ ನೆಗಡಿ ಬಂದು ಮೂರು ದಿನ ಹಿಂದಕ್ಕೆ. ಊರಿನಿಂದ ಬಂದವರು, "ಇನ್ನೂ ತೆಗ್ದಿಲ್ವಾ? ಆ ಡಾಕ್ಟ್ರಿಗೆ ಬರಲ್ವೇನೋ," ಅಂತ ಕೇಳಿ ಹೋಗುತ್ತಿದ್ದರು. ಕೀಳುವುದು ಯಾರಿಗೂ ಬರುತ್ತದೆ, ಕೀಳದೆ ಕೂತಿರುವುದಕ್ಕೇ ಓದಬೇಕು ಅಂತ ಅವರಿಗೆ ಯಾರು ಹೇಳುತ್ತಾರೆ.

ಸಂಕ್ರಾಂತಿ ಕಳೆದ ಮೇಲೆ ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ಪೂರ್ತಿ ಬಿರಡೆಯಲ್ಲಿ ಮಗು ಇತ್ತು. ಡಾಕ್ಟರು, "ಇನ್ನೊಂದು ದಿನ ನೋಡೋಣ," ಅಂದರು. ಅದೂ ಆಯಿತು. ತೆಗೆದದ್ದು ಅಮಾವಾಸ್ಯೆಯ ದಿನ, ಮಂಗಳವಾರ, ರಾಹುಕಾಲ. ಪಂಚಾಂಗದಲ್ಲಿ ಅದಕ್ಕಿಂತ ಕೆಟ್ಟ ಹೊತ್ತು ಹುಡುಕಿದರೂ ಸಿಗುತ್ತಿರಲಿಲ್ಲ. ಕುದಿಸಿದ ಇನ್ನೊಂದು ನಳಿಗೆಯನ್ನು ಟ್ರೇಯಲ್ಲಿ ಸಿದ್ಧವಾಗಿಟ್ಟುಕೊಂಡು ಮಗುವಿನ ಪಕ್ಕದ ಸ್ಟೂಲಿನ ಮೇಲೆ ಡಾಕ್ಟರು ತಾವೇ ಕೂತರು. ಹೊರಗೆ ಸಾಲಿನಲ್ಲಿದ್ದವರು ಗಲಾಟೆ ಮಾಡಿದರೂ ಏಳಲಿಲ್ಲ. ನೀಲಾ ಮಲಗಿದಳು. ಕೊರಳಿನ ಕುಳಿ ನಿಂತಲ್ಲೇ ನಿಂತಿತ್ತು. ಮೂಗಿನಿಂದ ಸಣ್ಣಗೆ, ಸದ್ದಿಲ್ಲದೆ ಉಸಿರು ಹೋಗಿ ಬಂತು. ಟ್ರೇಯಲ್ಲಿದ್ದದ್ದು ಬೇಕಾಗಲೇ ಇಲ್ಲ.

ಹತ್ತು ದಿನಕ್ಕೆ ತೂತು ಮುಚ್ಚಿತು. ಕರೆದುಕೊಂಡು ಹೋಗಲು ಭಾವನವರೇ ಬಂದರು, ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು, ಕಿತ್ತಳೆಹಣ್ಣು ತೆಗೆದುಕೊಂಡು. ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಯಾರೋ ಪರಿಚಯದವರಿಗೆ, "ಅವತ್ತು ನಾ ತೆಗ್ಸಿದ್ನಲ್ಲ, ಅವತ್ತೇ ಅರ್ಧ ಸಡ್ಲಾಗಿತ್ತು. ಇವ್ರು ಗಾಬರಿ ಬಿದ್ದು ಮತ್ತೆ ತುರುಕಿದ್ರು," ಅನ್ನುತ್ತಿದ್ದರು. ನಾನು ಅವರ ಮುಖವನ್ನೇ ನೋಡಿದೆ. ಅದರಲ್ಲಿ ಸುಳ್ಳು ಹೇಳುವವನ ಅಳುಕೂ ಇರಲಿಲ್ಲ. ಅವರು ಅದನ್ನು ನಿಜವಾಗಿ ನಂಬಿದ್ದರು. ಅಂಥವರ ಹತ್ತಿರ ವಾದ ಮಾಡಿ ಏನು ಮಾಡುವುದು?

ಬಸ್ಸು ಹತ್ತಿದೆವು. ನೀಲಾಳಿಗೆ ಕಿಟಕಿಯ ಪಕ್ಕ ಬೇಕಿತ್ತು. ಅಲ್ಲಿ ಭಾವನವರು ಕೂತಿದ್ದರು, ಏಳಲಿಲ್ಲ. ಮಗು ಒಂದು ಸಲ ಕೇಳಿತು, ಎರಡು ಸಲ ಕೇಳಿತು, ಆಮೇಲೆ ಬಾಯಿ ಅಗಲಿಸಿ ಅಳಲು ಶುರುಮಾಡಿತು. ಅಬ್ಬಾ, ಅದೇನು ದನಿ! ಡ್ರೈವರು ಹಿಂತಿರುಗಿ ನೋಡಿದ. ಮುಂದಿನ ಸೀಟಿನಲ್ಲಿ ಮಲಗಿದ್ದ ಮುದುಕರು ಬೆಚ್ಚಿ ಎದ್ದರು.

"ಏನಮ್ಮ ಇದು, ಮಗೀನ್ ಬಾಯ್ ಮುಚ್ಸಮ್ಮ!" ಅಂದ ಕಂಡಕ್ಟರು.

"ಅದೇ ಅಂತೀನಿ," ಅಂದರು ಭಾವನವರು, ಕಿವಿಗೆ ಟವೆಲ್ಲು ಒತ್ತಿಕೊಂಡು. "ಜನ ಏನಂದ್ಕತಾರೆ? ಸುಮ್ಕಿರ್ಸು ಅದ್ನ."

"ಸುಮ್ನಿರ್ಸಲ್ಲ ಭಾವ," ಅಂದೆ. ಬಾಗಿಲ ಮರೆಯಿಲ್ಲದೆ, ಎದುರಿಗೆ ಕೂತು ಅವರಿಗೆ ಹೇಳಿದೆ. "ಅಳ್ಲಿ ಬುಡಿ."

ನೀಲಾ ಒಂದು ಕ್ಷಣ ನಿಲ್ಲಿಸಿ, ಎದೆ ತುಂಬಾ ಉಸಿರು ಎಳೆದುಕೊಂಡು ಮತ್ತೆ ಶುರುಮಾಡಿದಳು. ಪಿರಿಯಾಪಟ್ಟಣ ಬರುವವರೆಗೂ ಅತ್ತಳು.